ಪಾಳಿಯಲ್ಲಿ ಅಪ್ಪನ ಚಪ್ಪಲಿ

ಸಬ್ಸಿಡಿ ಬೀಜ ಬಂದಿದೆಯೆಂಬ ಸುದ್ದಿ ಹಬ್ಬಿದರೆ ಸಾಕು, ಬ್ಯಾಡಗಿಯ ಬೀಜ ಕೊಡುವ ಕೇಂದ್ರದ ಮುಂದೆ ಮನುಷ್ಯರಿಗಿಂತ ಮೊದಲು ಚಪ್ಪಲಿಗಳು ಪಾಳಿ ಹಚ್ಚುತ್ತಿದ್ದವು. ಬಿಸಿಲಿಗೆ ಯಾರು ನಿಲ್ಲುತ್ತಾರೆ? ಚಪ್ಪಲಿ ಬಿಟ್ಟು ಬೇವಿನ ನೆರಳಲ್ಲಿ ಎಲೆಯಡಿಕೆ ಹಾಕಿಕೊಳ್ಳುವುದು. ಪಾಳಿ ಸರಿದಂತೆ ಹಿಂದಿನವರು ಮುಂದಿನ ಜೋಡನ್ನು ಕಾಲಿನಿಂದಲೇ ತಳ್ಳುವುದು. ಈ ವಿಷಯದಲ್ಲಿ ನಮ್ಮ ಮಂದಿ ಬಹಳ ಪ್ರಾಮಾಣಿಕರು. ಪಕ್ಕದವರ ಬದು ಒತ್ತುವವನೂ ಚಪ್ಪಲಿಯ ಪಾಳಿ ತಪ್ಪಿಸುತ್ತಿರಲಿಲ್ಲ.

ನಾನು ರಾಣೆಬೆನ್ನೂರಿನಲ್ಲಿ ಕಾಲೇಜು ಓದುತ್ತಿದ್ದ ವರ್ಷ, ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಸತ್ತವರ ಚಪ್ಪಲಿ ಮನೆಯಲ್ಲಿಡಬಾರದೆಂದು ಎಲ್ಲರೂ ಹೇಳಿದರೂ ಅವ್ವ ಅವನ್ನು ಜೋಳದ ಗುಮ್ಮಿಯ ಹಿಂದೆ ಮುಚ್ಚಿಟ್ಟಳು. ಅಪ್ಪನ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅದಕ್ಕೇ ಎಡ ಚಪ್ಪಲಿಗೆ ಟೈರಿನ ದಪ್ಪ ಅಟ್ಟೆ ಹೊಲಿಸಿದ್ದ. ಊರಿಗೆಲ್ಲ ಅದರ ಗುರುತಿತ್ತು.

ಕದರಮಂಡಲಗಿ ರಸ್ತೆಯ ನಮ್ಮ ಹೊಲದ ಮೇಲೆ ಅಪ್ಪನ ತಮ್ಮ, ನಮ್ಮ ಕಾಕಾನ ಕಣ್ಣಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ; ಅವನ ಮಾತೂ ಹಾಗೇ.

“ವೈನಿ, ನಿಮ್ಮ ಕೈಲೆ ಒಕ್ಕಲ್ತಾನ ಆಗೂದಿಲ್ಲ. ಬೀಜ ಸಿಗಲಿಲ್ಲಂದ್ರ ಈ ಸಲ ನಾನ ಬಿತ್ತತೇನಿ, ಚಿಂತಿ ಮಾಡಬ್ಯಾಡ್ರಿ,” ಎಂದ.

ಅವನು ಒಮ್ಮೆ ಬಿತ್ತಿದರೆ ಹೊಲ ತಿರುಗಿ ನಮ್ಮದಾಗುವುದಿಲ್ಲವೆಂದು ಅವ್ವನಿಗೆ ಗೊತ್ತಿತ್ತು. ಅಂಗಡಿಯ ಬೀಜ ನಮ್ಮ ಕೈಗೆಟಕುವಂತಿರಲಿಲ್ಲ. ಅವಳು ಕೇಂದ್ರಕ್ಕೆ ಹೋದಳು. ನಾನೂ ಜೊತೆಗಿದ್ದೆ.

“ಹೊಲದ ಉತಾರ ನಿಮ್ಮ ಯಜಮಾನರ ಹೆಸರಿಲೆ ಐತಿ. ಹೊಲದ ಮಾಲಕರ ಬರಬೇಕ್ರಿ,” ಎಂದ ಗುಮಾಸ್ತ.

ಅಪ್ಪ ಸತ್ತಿದ್ದಾನೆಂಬ ಮಾತು ಅವ್ವನ ಬಾಯಿಂದ ಅದುವರೆಗೂ ಹೊರಟಿರಲಿಲ್ಲ. ಅಂದೂ ಹೊರಡಲಿಲ್ಲ. “ಆತ್ರಿ, ಕರಕೊಂಡ ಬರ್ತೇನಿ,” ಎಂದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳು ಅಪ್ಪನ ಚಪ್ಪಲಿಗಳನ್ನು ಸೆರಗಿನಿಂದ ಒರೆಸಿ ತಂದು ಪಾಳಿಯಲ್ಲಿಟ್ಟಳು. ಹಿಂದಿದ್ದವನು ಕಾಲು ಚಾಚಿದವನೇ ಅಟ್ಟೆ ನೋಡಿ ಹಿಂದೆಗೆದ. ಪಾಳಿ ಮುಂದೆ ಸರಿಯಿತು, ಅವು ಅಲ್ಲೇ ಉಳಿದವು. ಕಡೆಗೆ ನಮ್ಮ ಪಕ್ಕದ ಹೊಲದ ಅಜ್ಜ ಬಗ್ಗಿ ಎರಡೂ ಕೈಯಿಂದ ಅವನ್ನು ಎತ್ತಿ ಮುಂದಿಟ್ಟ. ಪಾಳಿ ಸರಿದಾಗೊಮ್ಮೆ ಹಾಗೇ ಮಾಡಿದ. ಅವ್ವ ಕೈ ಹಚ್ಚಲಿಲ್ಲ. ನಡೆದು ಬರುವವರನ್ನು ಕಾಯುವಂತೆ ಕಿಟಕಿಯ ಬಳಿ ನಿಂತಿದ್ದಳು.

ಅಷ್ಟರಲ್ಲಿ ಮುಂಗಾರಿನ ಮಿರ್ಗದ ಮಳೆ ಬಿತ್ತು. ಜನ ಸೂರಿನಡಿ ಓಡಿದರು, ಚಪ್ಪಲಿಗಳು ನೆನೆದವು. ಅಜ್ಜ ಎತ್ತಿಯೇ ಇಡುತ್ತಿದ್ದ. ಆದರೂ ಕೆಸರಿನಲ್ಲಿ ಎಡಗಡೆ ಎಳೆದ ಗೆರೆಯೊಂದು ಕಂಡಿತು. ಕಂಡಿತೋ, ಕಂಡಂತಾಯಿತೋ, ಇವತ್ತಿಗೂ ಹೇಳಲಾರೆ.

ಗುಮಾಸ್ತ ಅಪ್ಪನ ಹೆಸರು ಕೂಗಿದ.

“ಬಂದಾನ್ರಿ ಸಾಹೇಬ್ರ,” ಎಂದ ಅಜ್ಜ. “ಮುಂಜಾನಿಂದ ಪಾಳೇದಾಗ ನಿಂತಾನ, ನೋಡ್ರಿ.”

ಗುಮಾಸ್ತ ಕಿಟಕಿಯಿಂದ ಬಗ್ಗಿ ಚಪ್ಪಲಿ ನೋಡಿದ. ಆಮೇಲೆ ಅವ್ವನ ಬೋಳು ಹಣೆ ನೋಡಿದ. ಮತ್ತೇನೂ ಕೇಳದೆ ಗೋವಿನಜೋಳದ ಬೀಜದ ಚೀಲ ಹೊರಗೆ ದೂಡಿದ.

ಸಂಜೆ ಕಾಕಾ ನಗುತ್ತಲೇ ಬಂದ. ಹೊಸ್ತಿಲ ಬಳಿ ಹಸಿ ಕೆಸರು ಮೆತ್ತಿದ ಆ ಚಪ್ಪಲಿಗಳನ್ನು ಕಂಡು ನಿಂತುಬಿಟ್ಟ. ಅವನ ದನಿ ಇಳಿಯಿತು.

“ಯಾರ ಬಂದಾರ್ರೀ ವೈನಿ?”

“ಹೊಲದ ಮಾಲಕ್ರು,” ಎಂದಳು ಅವ್ವ. “ಬಾ, ಕುಂದರು. ಮಾತಾಡಿ ಹೋಗು.”

ಕಾಕಾ ಕೂರಲಿಲ್ಲ. ತನ್ನ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮಳೆಯಲ್ಲಿ ಹೊರಟುಹೋದ. ಅವ್ವ ಚರಿಗೆಯಲ್ಲಿ ನೀರು ತಂದು ಹೊಸ್ತಿಲ ಪಕ್ಕ ಇಟ್ಟಳು, ಅಪ್ಪ ಹೊಲದಿಂದ ಬಂದಾಗ ಕಾಲು ತೊಳೆಯಲು ಇಡುತ್ತಿದ್ದ ಹಾಗೆ.