ಇದ್ದಿಲು ಹಚ್ಚಿದ ಹಾಲೆಮರ

ನಮ್ಮ ಡ್ರಾಯಿಂಗ್ ಟೀಚರ ಬಲಗೈ ಉಗುರುಗಳು ಸದಾ ಕಪ್ಪು. ಎಷ್ಟು ತೊಳೆದರೂ ಒಲೆಯ ಇದ್ದಿಲಿನ ಮಸಿ ಹೋಗುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಬಲ್ಮಠದ ಶಾಲೆಯೊಂದರಲ್ಲಿ ನಾನು ಲೆಕ್ಕದ ಮಾಸ್ತರ. ಚಿತ್ರಕಲೆಯೆಂದರೆ ನನಗೆ ಕೋಣನ ಮುಂದೆ ಕಿನ್ನರಿ. ಆದರೂ ಸ್ಟಾಫ್‌ರೂಮಿನಲ್ಲಿ ಅವರ ಪಕ್ಕದ ಕುರ್ಚಿಯೇ ನನ್ನದಾಗಿತ್ತು.

ಆಗ ರಸ್ತೆ ಅಗಲ ಮಾಡಲು ಮರಗಳನ್ನು ಕಡಿಯುತ್ತಿದ್ದರು. ಕಡಿಯುವ ಮೊದಲು ಟೀಚರ್ ಹೋಗಿ ಕಾಂಡಕ್ಕೆ ಹಳೆಯ ಬಿಳಿ ಪಂಚೆ ಸುತ್ತಿ, ಮೇಲಿನಿಂದ ಇದ್ದಿಲು ತಿಕ್ಕುತ್ತಿದ್ದರು. ತೊಗಟೆಯ ಒಂದೊಂದು ಗೆರೆಯೂ ಬಟ್ಟೆಯಲ್ಲಿ ಮೂಡುತ್ತಿತ್ತು. ಬೇರಿನ ಮೇಲೆ ನಿಲ್ಲಬೇಕಾದ್ದರಿಂದ ಚಪ್ಪಲಿಯನ್ನು ದೂರದಲ್ಲೇ ಬಿಡುತ್ತಿದ್ದರು.

ಶಾಲೆಯ ಎದುರಿನ ಹಾಲೆಮರದ ಸರದಿ ಬಂದಾಗ ಎಡವಟ್ಟಾಯಿತು. ಬಿಳಿ ಬಟ್ಟೆ, ಬರಿಗಾಲು ನೋಡಿದವರು ಮರದಲ್ಲಿ ದೈವವಿದೆಯೆಂದು ತಿಳಿದರು. ಸಂಜೆಗೆ ಬುಡದಲ್ಲಿ ದಾಸವಾಳ, ತೆಂಗಿನಕಾಯಿ! ಮರುದಿನ ಆಳುಗಳು ಕೊಡಲಿ ಕೆಳಗಿಟ್ಟರು. ಅವರ ಮೇಸ್ತ್ರಿ ಶಾಲೆಗೇ ಬಂದ.

"ಟೀಚರ್, ಅದರಲ್ಲಿ ಗುಳಿಗ ದೈವ ಉಂಟಂತೆ. ನೀವು ಉಂಟು ಹೇಳಿದ್ರೆ ನಾವು ಮುಟ್ಟುವುದಿಲ್ಲ."

ಸುಮ್ಮನಿರಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಆ ಮರ ನನಗೂ ಪ್ರಿಯವಾಗಿತ್ತು.

"ಇಲ್ಲ ಮಾರಾಯ್ರೆ, ನಾನು ಚಿತ್ರ ತೆಗ್ದದ್ದು ಅಷ್ಟೆ," ಎಂದರು ಟೀಚರ್. "ಆದ್ರೆ ಒಳ್ಳೆ ಮರ. ಬಿಟ್ರೆ ಉಪಕಾರ ಆಗ್ತಿತ್ತು."

ದೈವವಿಲ್ಲವೆಂದ ಮೇಲೆ ಬಿಡುವುದು ಅವನ ಕೈಯಲ್ಲಿರಲಿಲ್ಲ. ಮಧ್ಯಾಹ್ನದೊಳಗೆ ಮರ ಉರುಳಿತು. ಟೀಚರ್ ರಸ್ತೆಯಲ್ಲೇ ನಿಂತು ಅತ್ತರು. ಒರೆಸಿಕೊಂಡ ಮುಖವೆಲ್ಲ ಮಸಿ.

ನನಗೆ ಸಿಟ್ಟು ನೆತ್ತಿಗೇರಿತ್ತು. "ಬಾಯಿ ಮುಚ್ಚಿಕೊಂಡಿದ್ರೆ ನಿಮ್ದು ಎಂತ ಹೋಗ್ತಿತ್ತು?"

"ಹೆದರಿಸಿ ಉಳಿಸಿದ ಮರ ಹೆದರಿಕೆ ಬಿಟ್ಟ ದಿನ ಬೀಳ್ತದೆ ಮಾಸ್ಟ್ರೆ. ಅವರಿಗೇ ಬೇಕು ಅಂತ ಆಗ್ಬೇಕು."

ಸತ್ಯಹರಿಶ್ಚಂದ್ರನ ಮೊಮ್ಮಗಳು ಎಂದು ಗೊಣಗಿ, ಕೆಲವು ದಿನ ಮಾತು ಬಿಟ್ಟೆ.

ಒಂದು ಶನಿವಾರ ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಬಂದ. "ನಮ್ಮ ಮರ ತೋರಿಸಿ ಟೀಚರ್." ಮಸಿ ಉದುರದಂತೆ ಗಂಜಿತಿಳಿ ಹಾಕಿ ಒಣಗಿಸಿದ್ದ ಬಟ್ಟೆಯನ್ನು ಟೀಚರ್ ಜಗಲಿಯಲ್ಲಿ ಹರಡಿದರು. ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಕಷಾಯಕ್ಕೆಂದು ಜನ ತೊಗಟೆ ತೆಗೆದ ಗಾಯಗಳೆಲ್ಲ ಅದರಲ್ಲಿದ್ದವು. ಅವನು ಒಂದು ಗಾಯದ ಮೇಲೆ ಅಂಗೈಯಿಟ್ಟ.

"ಇದು ನಾನು ಕೆತ್ತಿದ್ದು. ಅಪ್ಪನಿಗೆ ಕಷಾಯಕ್ಕೆ," ಎಂದ. ಕೈ ತೆಗೆದು, "ಮುಂದೆ ಕಡಿಯುವುದು ಯಾವ ಮರ ಅಂತ ನಾನೇ ಬಂದು ಹೇಳ್ತೇನೆ." ಹೇಳಿದಂತೆ ಬರುತ್ತಲೂ ಇದ್ದ. ಟೀಚರ್ ಆ ಮರ ಬಿಡಿ ಎಂಬ ಅರ್ಜಿ ಹಿಡಿದು ಕಚೇರಿಗಳಿಗೆ ಓಡುತ್ತಿದ್ದರು. ಹೆಚ್ಚಿನವು ಬಿದ್ದವು, ದೇರೆಬೈಲಿನ ಒಂದು ಮಾವು ಉಳಿಯಿತು.

ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಟೀಚರ್ ಜ್ವರ ಬಂದು ತೀರಿಕೊಂಡರು. ಅವರ ಅರ್ಜಿಗಳನ್ನು ಹಿಡಿದು ಓಡುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಗಳಲ್ಲಿ ನಿಂತಾಗ ಸುಲಭದ ಸುಳ್ಳೊಂದು ನಾಲಿಗೆಯ ತುದಿಗೆ ಬರುತ್ತದೆ. ಅಲ್ಲಿ ನಾಗ ಇದೆ, ದೈವ ಇದೆ ಎಂದರೆ ಸಾಕು. ನುಂಗಿಕೊಳ್ಳುತ್ತೇನೆ. "ಒಳ್ಳೆ ಮರ, ಬಿಟ್ರೆ ಉಪಕಾರ ಆಗ್ತಿತ್ತು" ಎಂದಷ್ಟೇ ಹೇಳಿ, ಹೆಚ್ಚಾಗಿ ಸೋತು ಮನೆಗೆ ಬರುತ್ತೇನೆ.