ನಾರಾಯಣಪ್ಪನ ಅರ್ಧ ಸೀರೆ

ಆ ದಿನಗಳಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಸದ್ದಿಗೆ ಯಾರಿಗೂ ಎಚ್ಚರವಾಗುತ್ತಿರಲಿಲ್ಲ. ಸದ್ದು ನಿಂತರೆ ಆಗುತ್ತಿತ್ತು. ನಮ್ಮದು ನಾಲ್ಕು ವಿದ್ಯುತ್ ಮಗ್ಗಗಳ ಶೆಡ್, ಮನೆಗೆ ಅಂಟಿಕೊಂಡೇ ಇತ್ತು. ನೂಲು ಮುಗಿದ ಕಂಡಿಕೆಯ ಖಾಲಿ ಕೊಳವೆಗಳನ್ನು ಸಾಲಾಗಿಟ್ಟು ನಾವು ಮಕ್ಕಳು ರೈಲಾಟ ಆಡುತ್ತಿದ್ದೆವು. ಅಮ್ಮನ ಉಪ್ಪಿಟ್ಟಿಗೂ ಮಗ್ಗದ ಎಣ್ಣೆಯ ವಾಸನೆ ಹತ್ತಿರುತ್ತಿತ್ತು. ಅಥವಾ ಅದನ್ನು ಆಮೇಲೆ ನೆನಪಿಗೆ ನಾನೇ ಸೇರಿಸಿಕೊಂಡೆನೋ.

ಅಪ್ಪನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಸೀರೆ ಶುರು ಮಾಡಿದವನೇ ಅದನ್ನು ಮುಗಿಸಬೇಕು. ಕೈ ಬದಲಾದರೆ ನೇಯ್ಗೆಯಲ್ಲಿ ಗೆರೆ ಬೀಳುತ್ತದೆ ಎನ್ನುತ್ತಿದ್ದರು. ವಿದ್ಯುತ್ ಮಗ್ಗಕ್ಕೆ ಯಾರ ಕೈಯಾದರೇನು ಎಂಬ ಅನುಮಾನ ನನಗೆ ಇಂದಿಗೂ ಇದೆ.

ಒಂದು ಕಾರ್ತಿಕದಲ್ಲಿ ಮದುವೆ ಮನೆಯೊಂದರ ಸೀರೆಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ಕೊನೆಯ ಸೀರೆ ಅರ್ಧವಾದಾಗ ಅದನ್ನು ನೇಯುತ್ತಿದ್ದ ನಾರಾಯಣಪ್ಪ, ತಾಯಿಗೆ ಹುಷಾರಿಲ್ಲವೆಂದು ತನ್ನೂರು ಮಧುರೆಗೆ ಹೋದ. ನಮಗೆ ಯಾವಾಗಲೂ ಕೆಲಸ ಕೊಡುತ್ತಿದ್ದ ವ್ಯಾಪಾರಿ ಬಂದು ಮಗ್ಗದ ಮುಂದೆ ನಿಂತ.

"ಏನಪ್ಪಾ, ಬೇರೆಯವ್ನನ್ನ ನಿಲ್ಸು. ನಿನ್ ಮಗ್ಗಕ್ಕೇನು ಮಡಿನಾ?"

"ಅವ್ನ್ ಸೀರೆ ಕಣಣ್ಣ. ಬರ್ತಾನೆ," ಎಂದರು ಅಪ್ಪ.

"ಬರ್ದಿದ್ರೆ?"

"ಬರ್ತಾನೆ."

"ಹಂಗಾದ್ರೆ ಇನ್ಮೇಲೆ ಅವ್ನಿಗೇ ಕೆಲ್ಸ ಕೊಡ್ತೀನಿ ಬಿಡು. ನೀನು ಕಾಯ್ತಾ ಕೂತ್ಕೊ."

ನಾರಾಯಣಪ್ಪ ಬಂದ, ಸೀರೆಯನ್ನು ಮುಗಿಸಿದ. ಅಷ್ಟರಲ್ಲಿ ಮದುವೆ ಮುಗಿದಿತ್ತು. ವ್ಯಾಪಾರಿ ಮತ್ತೆ ಬರಲಿಲ್ಲ. ಮಗ್ಗಗಳು ಒಂದೊಂದಾಗಿ ಹೋದವು.

ನಾನೀಗ ಕಾಲೇಜಿನಲ್ಲಿ ನಿರ್ವಹಣಾ ಶಾಸ್ತ್ರ ಹೇಳಿಕೊಡುತ್ತೇನೆ. ಸಣ್ಣ ಉದ್ಯಮದ ಯಜಮಾನರು ಹಟದಿಂದ ಹೇಗೆ ಕೆಡುತ್ತಾರೆ ಎಂಬುದಕ್ಕೆ ಪ್ರತಿ ವರ್ಷ ಅಪ್ಪನದೇ ಉದಾಹರಣೆ. ಮೊನ್ನೆ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಮುಂದೆ ಇದನ್ನು ಹೇಳಿದೆ.

"ಯಾವ ಹಟವೋ?" ಎಂದಳು. "ಅವತ್ತು ಬೆಳಿಗ್ಗೆನೇ ನಿಮ್ಮಪ್ಪ ಉಳಿದ್ ಮೂವರು ನೇಕಾರ್ರನ್ನೂ ಕೇಳಿದ್ರು. ಒಬ್ರೂ ಒಪ್ಲಿಲ್ಲ. 'ನಾರಾಯಣಪ್ಪನ್ ಸೀರೆ ನಾವ್ ಮುಟ್ಟಲ್ಲ ಯಜಮಾನ್ರೇ, ನೀವೇ ಅಲ್ವಾ ಹೇಳ್ಕೊಟ್ಟಿದ್ದು' ಅಂದ್ರು."

"ವ್ಯಾಪಾರಿಗೆ ಯಾಕೆ ಹೇಳ್ಲಿಲ್ಲ?"

"ಕೆಲಸದೋರು ಮಾತು ಕೇಳಲ್ಲ ಅಂತ ಹೆಂಗ್ ಹೇಳ್ತಾರೆ? ಆ ಮೂವರ್ ಹೆಸ್ರು ಕೆಡಲ್ವಾ?"

ಅಮ್ಮನ ನೆನಪನ್ನೂ ನಾನು ಪೂರ್ತಿ ನಂಬುವವನಲ್ಲ. ಕೇಳಿ ನೋಡಲು ಅಪ್ಪನಿಲ್ಲ, ನಾರಾಯಣಪ್ಪ ಎಲ್ಲಿದ್ದಾನೋ ತಿಳಿಯದು. ಯಜಮಾನನ ಮಾತನ್ನು ಯಜಮಾನನಿಗಿಂತ ಬಿಗಿಯಾಗಿ ಹಿಡಿದವರು ನಿಂತಿದ್ದ ಆ ಶೆಡ್ಡಿನಲ್ಲಿ ಈಗ ನೀರಿನ ಕ್ಯಾನುಗಳನ್ನು ಪೇರಿಸಿದ್ದಾರೆ. ಅದನ್ನು ನೋಡಿದಾಗ ನನಗೇನೂ ಅನ್ನಿಸಲಿಲ್ಲ. ಈ ವರ್ಷ ಪಾಠದಲ್ಲಿ ಅಪ್ಪನ ಉದಾಹರಣೆ ಹೇಳುವ ಹೊತ್ತು ಬಂತು. ಬಾಯಿ ತೆರೆದೆ. ನಂತರ, ಮುಂದಿನ ಪುಟ ತೆಗೆಯಿರಿ ಎಂದೆ.