ನೀರು ಹಾಕದ ಒಲೆ

ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಕೆಲವೇ ವರ್ಷಗಳಾಗಿದ್ದಾಗ, ಪಾಳಿ ಮುಗಿಸಿ ಬರುವ ಒಂಟಿ ಗಂಡಸರಿಗೆ ಜಳಕದ ನೀರು ಕಾಸಿಕೊಟ್ಟು ಬದುಕಿದವಳು ಕೆಂಚವ್ವ. ನವಲಗುಂದದ ಕಡೆಯ ಎರೆಭೂಮಿಯಿಂದ ಗಂಡ ಗೂಳಪ್ಪನ ಹಿಂದೆ ಬಂದವಳು. ಗೂಳಪ್ಪ ಗಿರಣಿಗೆ ಬಿದಿರು ಕಡಿಯುವ ಗ್ಯಾಂಗಿನಲ್ಲಿದ್ದ. ಕಾಡು ಕಡಿದು ಸಮ ಮಾಡಿದ ಜಾಗದಲ್ಲಿ ಸಾಲು ಮನೆಗಳು ಎದ್ದಿದ್ದವು. ಅದರಲ್ಲೊಂದನ್ನು ಬಾಡಿಗೆಗೆ ಹಿಡಿದು, ಉದ್ದನೆಯ ಆ ಒಂದೇ ಕೋಣೆಯ ಹಿಂದಿನ ಮೂಲೆಯಲ್ಲಿ ಅವನೇ ಮಣ್ಣು ಕಲಸಿ ಒಲೆ ಹಾಕಿದ. ಅದರ ಮೇಲೆ ದೊಡ್ಡದೊಂದು ತಾಮ್ರದ ಹಂಡೆ ಕೂರಿಸಿ, ಮೊದಲ ಬೆಂಕಿಯನ್ನೂ ಅವನೇ ಹಚ್ಚಿದ.

ಒಂದು ಮಳೆಗಾಲ ಜೋಯಿಡಾದ ಕಡೆ ಹೋದ ಗ್ಯಾಂಗು ಕಾಳಿ ನದಿ ದಾಟುವಾಗ ದೋಣಿ ಮಗುಚಿತು. ಉಳಿದವರು ಹೇಗೋ ದಂಡೆ ಹತ್ತಿದರು. ಗೂಳಪ್ಪ ಹತ್ತಲಿಲ್ಲ. ಹೊಳೆಗುಂಟ ಮೌಳಂಗಿಯವರೆಗೂ ಹುಡುಕಿದರು, ಹೆಣ ಸಿಗಲಿಲ್ಲ. ಓಣಿಯ ಹೆಂಗಸರು ಅವಳನ್ನು ತಬ್ಬಿಕೊಂಡು ಅಳಲು ಬಂದರೆ ಕೆಂಚವ್ವ ಬಾಗಿಲಲ್ಲೇ ನಿಂತು, "ಹೆಣಾ ತೋರಸ್ರಿ. ಆಮ್ಯಾಲ ಅಳ್ತೇನಿ" ಎಂದಳು.

ಅವಳ ತವರಿನಲ್ಲಿ ಒಲೆಗೆ ನೀರು ಹಾಕುವುದು ಮನೆಯಲ್ಲಿ ಸಾವಾದ ದಿನ ಮಾತ್ರ. ಉಳಿದ ದಿನಗಳಲ್ಲಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಾರೆ, ಬೆಳಿಗ್ಗೆ ಕೆದರಿ ಊದುತ್ತಾರೆ. ಗೂಳಪ್ಪ ಹಚ್ಚಿದ ಬೆಂಕಿ ಹಾಗೆಯೇ ಉಳಿದು ಬಂದಿತ್ತು. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಹಂಡೆಯ ನೀರು ಮರಳುತ್ತಿತ್ತು. ಜಳಕ ಮಾಡಿ ಹೋಗುವವರು ಕೊಡುತ್ತಿದ್ದ ಚಿಲ್ಲರೆಯಲ್ಲಿ ಅವಳ ರೊಟ್ಟಿ ನಡೆಯುತ್ತಿತ್ತು.

ಗಂಡನಿಲ್ಲದ ಮನೆಯೊಳಗೆ ಗಂಡಸರು ಹಾಯ್ದು ಜಳಕಕ್ಕೆ ಹಿತ್ತಲಿಗೆ ಹೋಗುವುದು ಮನೆಯ ಮಾಲೀಕನಿಗೆ ಸರಿ ಕಾಣಲಿಲ್ಲ. ಹಂಡೆ ಮುಂದಿನ ಜಗಲಿಗೆ ಬರಬೇಕು, ಇಲ್ಲವೇ ಮನೆ ಬಿಡಬೇಕು ಎಂದ. ಗೌಂಡಿ ಮುದಕಪ್ಪ ಬಂದು ನೋಡಿ, ಇಟ್ಟಂಗಿ, ಮಣ್ಣು, ಹೊಗೆಗೆ ಗೋಡೆಯಲ್ಲಿ ಕಿಂಡಿ, ತನ್ನ ಕೂಲಿ ಎಂದು ಖರ್ಚು ಹೇಳಿದ. ಕೆಂಚವ್ವ ತವರಿನಿಂದ ತಂದ ಹಿತ್ತಾಳೆ ಕೊಡಪಾನ ಮಾರಿದಳು.

"ಹಳೇ ಒಲಿಗೆ ನೀರ ಸುರುವಿ ಇಡ ಯವ್ವಾ. ನಾಳೆ ಒಡದು ನೆಲಾ ಸಮಾ ಮಾಡ್ತೇನಿ" ಎಂದ ಮುದಕಪ್ಪ.

"ನೀರ ಹಾಕಂಗಿಲ್ಲ."

"ಮತ್ತ ಬೆಂಕಿ ಮ್ಯಾಲ ಮಣ್ಣ ಬಡೀಲೇನು?"

"ಬಡಿ. ಬೂದಿ ಮುಚ್ಚೇನಿ. ಆರೂದಿದ್ರ ತಾನ ಆರತೈತಿ."

"ರೊಕ್ಕಾ ನಿಂದು, ಹಟಾನೂ ನಿಂದು" ಎಂದು ಗೊಣಗುತ್ತ ಅವನು ಒಲೆಯ ಗೋಡೆ ಕೆಡವಿ, ಬೂದಿಯ ಮೇಲೆಯೇ ಮಣ್ಣು ಬಡಿದು ನೆಲ ಮಾಡಿದ. ಅದಕ್ಕೆ ಮೊದಲೇ ಅವಳು ಹಂಚಿನಲ್ಲಿ ಕೆಂಡ ಹೊತ್ತು ಜಗಲಿಯ ಹೊಸ ಒಲೆಗೆ ಹಾಕಿದ್ದಳು.

ಚಳಿಗಾಲ ಬಂತು. ಒಂದು ಸೋಮವಾರ ಕೆಂಚವ್ವ ನೆಲ ಸಾರಿಸಿ ಹೊಸ್ತಿಲ ಮೇಲೆ ಕುಳಿತಿದ್ದಳು. ಮೋಡ ಕವಿದ ದಿನ. ಒದ್ದೆ ನೆಲವೆಲ್ಲ ಕಪ್ಪಗಿತ್ತು. ಹಳೆಯ ಒಲೆಯ ಜಾಗ ಮಾತ್ರ ಅವಳು ನೋಡುತ್ತಿದ್ದಂತೆಯೇ ಬೆಳ್ಳಗೆ ಒಣಗಿತು. ಹೋಗಿ ಅಂಗೈ ಇಟ್ಟಳು. ಮಲಗಿದ ಮನುಷ್ಯನ ಬೆನ್ನಿನಂತೆ ಬೆಚ್ಚಗಿತ್ತು.

ಮುಂದಿನ ಸೋಮವಾರ ಒಣಗಿದ ಜಾಗ ಉದ್ದವಾಗಿತ್ತು. ಆಮೇಲಿನ ವಾರ ಇನ್ನೂ ಉದ್ದ. ಹಿಂದಿನ ಮೂಲೆಯಿಂದ ಗೋಡೆಗುಂಟ ಹರಿದು, ಮಾಡು ಹೊತ್ತ ಕಂಬದ ಬುಡಕ್ಕೆ ಬಂದು, ಅಲ್ಲಿಂದ ಅವಳು ಹಾಸಿಗೆ ಹಾಸುವ ಕಡೆ ಹೊರಳಿತ್ತು. ಓಣಿಯ ನಾಯಿ ಒಳಗೆ ಬಂದು ಅದರ ಮೇಲೆ ಮಲಗಲು ಹವಣಿಸಿತು. ಆಮೇಲೆ ಏನನ್ನೋ ಕೇಳಿದಂತೆ ಕಿವಿ ನಿಮಿರಿಸಿ ಹಿಂದೆ ಹಿಂದೆಯೇ ಸರಿದು ಹೊರಗೆ ಹೋಯಿತು. ನೆಲದ ಬಿರುಕಿನಿಂದ ಇರುವೆಗಳು ಮೊಟ್ಟೆ ಹೊತ್ತು ಸಾಲುಗಟ್ಟಿ ಬಾಗಿಲ ಕಡೆ ನಡೆದವು.

ದಿನಾ ನೀರಿಗೆ ಬರುವ ಸಾತಪ್ಪ ಜಗಲಿಯಿಂದ ಇಣುಕಿದ. ಬೆಳಗಾವಿ ಕಡೆಯ ಹುಡುಗಾಟದ ಆಳು.

"ಯವ್ವಾ, ಗೂಳಪ್ಪಣ್ಣ ಬಂದು ಕಾಲ ಚಾಚಿ ಮಲಗ್ಯಾನಲ್ಲಬೇ!"

ಅವನು ನಕ್ಕ. ಜೊತೆಗಿದ್ದವರು ನಗಲಿಲ್ಲ. ಮರುದಿನದಿಂದ ಅವರು ಬೇರೆ ಕಡೆ ಜಳಕಕ್ಕೆ ಹೋದರು. ಮರಳುವ ನೀರು ಹಂಡೆಯಲ್ಲೇ ತಣ್ಣಗಾಗತೊಡಗಿತು.

ಪಕ್ಕದ ಮನೆಯ ಮಹಾದೇವಕ್ಕ ಹೇಳಿನೋಡಿದಳು. "ಹಳಿಯಾಳದಾಗ ಒಬ್ಬಾಂವ ಅದಾನಂತ, ಬಂದು ದೆವ್ವಾ ಕಟ್ಟತಾನಂತ. ಕರಸೂಣು?"

"ದಾರಿ ಹುಡಕ್ಕೊಂಡ ಮನಿಗೆ ಬಂದಾವನ್ನ ಕಟ್ಟಸ್ಲೇನಕ್ಕಾ?"

"ಹಂಗಂದ್ರ ಹೊಟ್ಟಿಗೆ ಏನ ತಿಂತಿ?"

ಕೆಂಚವ್ವ ಬೆಚ್ಚಗಿನ ನೆಲವನ್ನು ಮೆಲ್ಲಗೆ ಸವರುತ್ತ ಕುಳಿತಳು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಅಲ್ಲಿಯೇ ಕುಳಿತು ತಗ್ಗಿದ ದನಿಯಲ್ಲಿ ಮಾತಾಡುವುದು ಗೋಡೆಯಾಚೆ ಮಹಾದೇವಕ್ಕನಿಗೆ ಕೇಳುತ್ತಿತ್ತು. ನಡುನಡುವೆ ಅವಳು ಸುಮ್ಮನಾಗುತ್ತಿದ್ದಳು, ಎದುರಿನವರ ಮಾತು ಕೇಳಿಸಿಕೊಳ್ಳುವವರ ಹಾಗೆ.

ಬಿಡದೆ ಬರುತ್ತಿದ್ದವನು ಸಾತಪ್ಪನೊಬ್ಬನೇ. ಒಂದು ಮುಂಜಾನೆ ಜಗಲಿಯಲ್ಲಿ ಕಟ್ಟಿಗೆ ಮುಗಿದಿತ್ತೆಂದು, "ಕೂಡು ಯವ್ವಾ, ನಾ ತರ್ತೇನಿ" ಎಂದು ತಾನೇ ಹಿತ್ತಲಿನ ಕಟ್ಟಿಗೆ ತರಲು ಒಳಗೆ ಹೋದ. ಹಿಂದಿನ ಮೂಲೆಯಲ್ಲಿ ಕಾಲಿಟ್ಟದ್ದೇ ತಡ, ನೆಲ ಮಡಕೆಯಂತೆ ಒಡೆದು ಮೊಣಕಾಲಿನವರೆಗೆ ಕುಸಿದ. ಅವನ ಕೂಗಿಗೆ ಸಾಲಿನವರೆಲ್ಲ ಓಡಿ ಬಂದರು. ಎಳೆದು ತೆಗೆದಾಗ ಅಂಗಾಲಿನ ಚರ್ಮ ಸುಲಿದಿತ್ತು. ತೂತಿನೊಳಗೆ ಉಸಿರಾಡಿದಂತೆ ಕೆಂಪಗೆ ಏನೋ ಹೊಳೆದು ಮಂಕಾಗಿ ಮತ್ತೆ ಹೊಳೆಯುತ್ತಿತ್ತು.

ಮುದಕಪ್ಪ ಗುದ್ದಲಿ ಹಿಡಿದು ಬಂದ. ಅಗೆದಾಗ ಸಂಗತಿ ಬಯಲಾಯಿತು. ಕಾಡು ಕಡಿದವರು ಸಾಗವಾನಿ ಮರದ ಬೊಡ್ಡೆ ಕೀಳದೆ ಮೇಲೆ ಮಣ್ಣು ಹಾಕಿ ನೆಲ ಮಾಡಿದ್ದರು. ಬಯಲುಸೀಮೆಯಿಂದ ಬಂದ ಗೂಳಪ್ಪ ತಿಳಿಯದೆ ಅದರ ನೆತ್ತಿಯ ಮೇಲೆಯೇ ಒಲೆ ಹಾಕಿದ್ದ. ಬೂದಿಯಡಿಯ ಕೆಂಡ ಬೊಡ್ಡೆಗೆ ಹತ್ತಿ, ಬೇರು ಹಿಡಿದು, ನೆಲದೊಳಗೇ ಕೊಳವೆಯಂತೆ ಸುಡುತ್ತ ಕಂಬದ ಬುಡಕ್ಕೆ ಬಂದಿತ್ತು. ಕಂಬ ಕರ್ರಗಾಗಿತ್ತು. ಬೇರಿನ ಇನ್ನೊಂದು ಕವಲು ಜಗಲಿಯ ಹೊಸ ಒಲೆಯಡಿಗೂ ಹೋಗಿತ್ತು.

"ಈ ಕಂಬ ಹತ್ತಿತಂದ್ರ ಸಾಲಿಗೆ ಸಾಲ ಹೋಗತೈತಿ" ಎಂದ ಮುದಕಪ್ಪ. "ಇದಕ್ಕೂ ಹಾಕ್ರಿ, ಮುಂದಿನ ಒಲಿಗೂ ಹಾಕ್ರಿ. ಒಂದ ಕೆಂಡಾನೂ ಉಳೀಬಾರದು."

ಜನ ಕೊಡ ಎತ್ತಿದರು. ಕೆಂಚವ್ವ ತೂತಿಗೆ ಅಡ್ಡವಾಗಿ ನಿಂತಳು.

"ಯಾರೂ ಹಾಕಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಹುಚ್ಚ ಹಿಡದೈತೇನಬೇ? ಕೂಸುಕುನ್ನಿ ಅದಾವ ಈ ಸಾಲಿನ್ಯಾಗ!" ಯಾರೋ ಬೈದರು.

ಗೋಡೆಗೆ ಒರಗಿಸಿ ಕೂರಿಸಿದ್ದ ಸಾತಪ್ಪ ಹಲ್ಲು ಕಚ್ಚಿಕೊಂಡೇ ಹೇಳಿದ. "ಬೈಬ್ಯಾಡ್ರಿ ಅಕಿಗೆ. ಯವ್ವಾ, ಮಂದಿ ಹಾಕೂದು ಬ್ಯಾಡ. ನೀನ ಹಾಕು."

ಅವಳು ಅವನ ಸುಟ್ಟ ಅಂಗಾಲನ್ನು ನೋಡಿದಳು, ಕಂಬವನ್ನು ನೋಡಿದಳು. ಪಕ್ಕದವರ ಕೈಯಿಂದ ಕೊಡ ತೆಗೆದುಕೊಂಡು ತೂತಿಗೆ ಸುರಿದಳು.

ನೆಲದಡಿಯಿಂದ ದನಿ ಎದ್ದಿತು. ನೀರು ಬೆಂಕಿಗೆ ಬಿದ್ದ ಸದ್ದೇ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮುಳುಗುವವನು ಕೊನೆಯ ಉಸಿರು ಬಿಟ್ಟಂತೆ ಅದು ಉದ್ದಕ್ಕೆ ಎಳೆದಾಗ ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಆವಿ ಹಿಂದಿನ ಮೂಲೆಯಲ್ಲಿ ಎದ್ದು, ಗೋಡೆಗುಂಟ ಬಿರುಕು ಬಿರುಕಿನಲ್ಲಿ ಎದ್ದು, ಕಂಬದ ಬುಡದಲ್ಲಿ ಎದ್ದು, ಕೊನೆಗೆ ಅವಳ ಹಾಸಿಗೆಯ ಜಾಗದಲ್ಲೂ ತೆಳ್ಳಗೆ ಎದ್ದಿತು. ಆಮೇಲೆ ಅವಳೇ ಜಗಲಿಗೆ ಹೋಗಿ ಹೊಸ ಒಲೆಯ ಬಾಯಿಗೂ ನೀರು ಸುರಿದಳು.

ಬೆಂಕಿ ಉಳಿದಿರಬಾರದೆಂದು ಮುದಕಪ್ಪ ಬೇರಿನ ಗುಂಟ ಪೂರ್ತಿ ಅಗೆದ. ಕಂಬದಿಂದ ಹಾಸಿಗೆಯ ಕಡೆಗೆ ಯಾವ ಬೇರೂ ಇರಲಿಲ್ಲ. ಅಲ್ಲಿ ಬರೀ ತಣ್ಣನೆಯ ಕೆಮ್ಮಣ್ಣು. ಅವನು ಆ ಮಣ್ಣನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಿದ. ಗುಂಡಿ ಮುಚ್ಚಿದ. ಅಂದಿನ ಕೂಲಿಯನ್ನು ಅವನು ಕೇಳಲಿಲ್ಲ.

ಮಧ್ಯಾಹ್ನದ ಭೋಂಗಾ ಕೂಗಿತು. ಜನ ಕರಗಿದರು. ಸ್ವಲ್ಪ ಹೊತ್ತಿಗೆ ಮಹಾದೇವಕ್ಕ ಸೆರಗಿನಡಿ ರೊಟ್ಟಿಬುಟ್ಟಿ ಹಿಡಿದು ಬಂದಳು. ಸಾವಾದ ಮನೆಗೆ ನೆರೆಯವರು ತರುವಂತೆ ರೊಟ್ಟಿ, ಮೇಲೆ ಒಂದಿಷ್ಟು ಬ್ಯಾಳಿ ಪಲ್ಯ. ಬೇಡ ಎನ್ನುತ್ತಾಳೇನೋ ಎಂದು ಹೊಸ್ತಿಲ ಹೊರಗೇ ನಿಂತಳು.

"ಒಳಗ ಬಾ ಅಕ್ಕಾ" ಎಂದಳು ಕೆಂಚವ್ವ. ಬುಟ್ಟಿ ಇಸಿದುಕೊಂಡು ರೊಟ್ಟಿ ಮುರಿದಳು. ಮೊದಲ ತುತ್ತು ಬಾಯಿಗೆ ಇಟ್ಟುಕೊಂಡ ಮೇಲೆ ಅವಳಿಗೆ ಅಳು ಬಂತು.